ನಕ್ಷೆ ಮಂಜೂರಾಗುವ ಮುನ್ನ ಬೀದಿಯವರಿಗೂ ತೋರಿಸಿ

ಮಾನ್ಯ ಸಂಪಾದಕರಿಗೆ,

ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳಿದ್ದ ಜಾಗದಲ್ಲಿ ವಾಣಿಜ್ಯ ಸಂಕೀರ್ಣಗಳು ಏಳುತ್ತಿರುವುದು ಹೊಸ ಸುದ್ದಿಯೇನಲ್ಲ. ಆದರೆ ಅಂಥ ಕಟ್ಟಡದ ವಿನ್ಯಾಸವನ್ನು ಮಂಜೂರಾತಿಗೆ ಮುನ್ನ ಯಾರು ಪರಿಶೀಲಿಸುತ್ತಾರೆ, ಯಾವ ದೃಷ್ಟಿಯಿಂದ ಪರಿಶೀಲಿಸುತ್ತಾರೆ, ಆ ಪರಿಶೀಲನೆಯಲ್ಲಿ ಅದೇ ಬೀದಿಯಲ್ಲಿ ಬದುಕುವವರಿಗೆ ಯಾವ ಸ್ಥಾನವಿದೆ ಎಂಬ ಪ್ರಶ್ನೆ ಬಹುಮಟ್ಟಿಗೆ ಚರ್ಚೆಯಾಗದೆ ಉಳಿದಿದೆ. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ 2025ರ ಮೇ ತಿಂಗಳಿನಲ್ಲಿ ಜಾರಿಗೆ ಬಂದು, ಅದೇ ವರ್ಷದ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆಯಿದ್ದ ಕಡೆ ಐದು ಪಾಲಿಕೆಗಳು ಅಸ್ತಿತ್ವಕ್ಕೆ ಬಂದಿರುವುದರಿಂದ, ನಕ್ಷೆ ಮಂಜೂರಾತಿಯ ಕ್ರಮವನ್ನೂ ಹೊಸದಾಗಿ ಯೋಚಿಸಲು ಇದು ತಕ್ಕ ಸಮಯ. ಸರ್ಕಾರಿ ಸೇವೆಯಲ್ಲಿ ಕಟ್ಟಡ ಕಾಮಗಾರಿಗಳ ಎಂಜಿನಿಯರಾಗಿ ದುಡಿದು ನಿವೃತ್ತನಾಗಿ, ಈಗ ಬಸವನಗುಡಿಯಲ್ಲಿ ನೆಲೆಸಿರುವ ನಾನು, ನಮ್ಮ ಬೀದಿಯದೇ ಒಂದು ಉದಾಹರಣೆಯನ್ನು ಮುಂದಿಟ್ಟುಕೊಂಡು ಕೆಲವು ಮಾತುಗಳನ್ನು ತಮ್ಮ ಓದುಗರ ಮತ್ತು ಅಧಿಕಾರದಲ್ಲಿರುವವರ ಗಮನಕ್ಕೆ ತರಲು ಬಯಸುತ್ತೇನೆ.

ನಮ್ಮ ಅಡ್ಡರಸ್ತೆ ಮುಖ್ಯರಸ್ತೆಯನ್ನು ಸೇರುವ ಮೂಲೆಯಲ್ಲಿ ಜಗಲಿ, ಮದ್ರಾಸ್ ತಾರಸಿ, ಹಿತ್ತಲು ಇದ್ದ ಒಂದಂತಸ್ತಿನ ಹಳೆಯ ಮನೆಯೊಂದಿತ್ತು. ಅದರ ವಾರಸುದಾರರು ನಿವೇಶನವನ್ನು ಮಾರಿದರು. ಅದು ಅವರ ಹಕ್ಕು, ಅದರ ಬಗ್ಗೆ ನಮ್ಮಲ್ಲಿ ಯಾರಿಗೂ ತಕರಾರಿಲ್ಲ. ಮನೆ ಕೆಡವಿ, ಸುತ್ತ ತಗಡಿನ ಬೇಲಿ ಎದ್ದು, ಮಣ್ಣು ತೋಡುವ ಯಂತ್ರ ಬಂದು ನಿಂತ ಮೇಲೆಯೇ ಅಲ್ಲಿ ಏನು ಬರಲಿದೆ ಎಂಬುದನ್ನು ನಾವು ವಿಚಾರಿಸಿಕೊಳ್ಳಬೇಕಾಯಿತು. ಮಾಹಿತಿ ಹಕ್ಕಿನ ಅರ್ಜಿ ಹಾಕಿ ನಕ್ಷೆಯ ಪ್ರತಿ ಕೈಗೆ ಬರುವ ಹೊತ್ತಿಗೆ ಬುನಾದಿಯ ಕಾಂಕ್ರೀಟು ಬಿದ್ದಾಗಿತ್ತು.

ಆ ನಕ್ಷೆಯನ್ನು ನಾನು ಸಾವಧಾನವಾಗಿ ಓದಿದೆ. ಅದರಲ್ಲಿ ನಿಯಮಬಾಹಿರವಾದದ್ದು ನನಗೆ ಕಾಣಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಈ ಪತ್ರದ ಕಾರಣವೇ ಅದು. ನಿವೇಶನದ ಅಳತೆಗೆ ಎಷ್ಟು ಪಟ್ಟು ಕಟ್ಟಬಹುದೆಂದು ಹೇಳುವ ನೆಲ ವಿಸ್ತೀರ್ಣದ ಅನುಪಾತ, ಅಂದರೆ ಎಫ್‌ಎಆರ್, ಮಿತಿಯೊಳಗಿದೆ. ಸೆಟ್‌ಬ್ಯಾಕ್, ಅಂದರೆ ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ, ಕಾಗದದ ಮೇಲೆ ಸರಿಯಾಗಿದೆ. ಕಾರು ನಿಲುಗಡೆಯ ಲೆಕ್ಕ ಕೂಡಿಬರುತ್ತದೆ. ಆದರೂ ಆ ಕಟ್ಟಡದ ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿಯುವ ಹಾದಿ, ಅಗಲವಾದ ಮುಖ್ಯರಸ್ತೆಯನ್ನು ಬಿಟ್ಟು, ಇಕ್ಕಟ್ಟಾದ ಅಡ್ಡರಸ್ತೆಯ ಕಡೆಗೆ, ಸರಿಯಾಗಿ ಶಿಶುವಿಹಾರವೊಂದರ ಗೇಟಿನ ಎದುರಿಗೆ ತೆರೆದುಕೊಳ್ಳುತ್ತದೆ. ಪಡುವಣದ ಗೋಡೆ ತಳದಿಂದ ತುದಿಯವರೆಗೆ ಗಾಜು. ಜನರೇಟರು ಮತ್ತು ಹವಾನಿಯಂತ್ರಣದ ಹೊರಘಟಕಗಳು ಪಕ್ಕದ ಮನೆಯ ಮಲಗುವ ಕೋಣೆಯ ಕಿಟಕಿಗೆ ನೇರವಾಗಿ ಬರುತ್ತವೆ. ಸರಕು ತುಂಬಿದ ಲಾರಿ ಎಲ್ಲಿ ನಿಂತು ಇಳಿಸಬೇಕೆಂಬುದಕ್ಕೆ ನಕ್ಷೆಯಲ್ಲಿ ಜಾಗವೇ ಇಲ್ಲ. ಪಾದಚಾರಿ ಮಾರ್ಗದಲ್ಲಿ ನಿಂತಿರುವ ಎರಡು ಹೊಂಗೆ ಮರಗಳನ್ನು ಗುರುತಿಸಿಯೇ ಇಲ್ಲ. ಈ ಐದೂ ಸಂಗತಿಗಳನ್ನು ವಿನ್ಯಾಸದ ಹಂತದಲ್ಲಿ ಪೆನ್ಸಿಲಿನಿಂದ ಸರಿಪಡಿಸಬಹುದಾಗಿತ್ತು. ಕಾಂಕ್ರೀಟು ಬಿದ್ದ ಮೇಲೆ ಅವು ಮುಂದಿನ ಐವತ್ತು ವರ್ಷಗಳ ಸಂಗತಿಗಳಾದವು.

ಇಲ್ಲಿ ಯಾವ ಅಧಿಕಾರಿಯ ಮೇಲೂ, ಯಾವ ಬಿಲ್ಡರ್ ಮೇಲೂ ಆರೋಪ ಹೊರಿಸುವುದು ನನ್ನ ಉದ್ದೇಶವಲ್ಲ. ನಗರ ಯೋಜನೆ ವಿಭಾಗದ ಅಧಿಕಾರಿಯ ಮುಂದೆ ನಕ್ಷೆ ಬಂದಾಗ ಅವರು ನೋಡಬೇಕಾದದ್ದನ್ನು ನೋಡಿದ್ದಾರೆ. ನಿವೇಶನದ ಅಳತೆ, ಮುಂದಿನ ರಸ್ತೆಯ ಅಗಲ, ಭೂ ಬಳಕೆಯ ವರ್ಗ, ಎತ್ತರ, ಅನುಪಾತ, ಹಿಂದೆ ಮುಂದೆ ಬಿಡಬೇಕಾದ ಜಾಗ ಇವೆಲ್ಲವೂ ಅಂಕಿಗಳಲ್ಲಿ ಹೇಳಬಹುದಾದವು, ಅಂಕಿಗಳಲ್ಲೇ ತಾಳೆ ನೋಡಬಹುದಾದವು. ನಗರದ ಭೂ ಬಳಕೆಯನ್ನು ಗೊತ್ತುಪಡಿಸುವ 2015ರ ಪರಿಷ್ಕೃತ ಮಹಾಯೋಜನೆಯ ವಲಯ ನಿಯಮಗಳು ಅಂಗಡಿ ಮಳಿಗೆಗಳಿಗೆ ಪ್ರತಿ 50 ಚದರ ಮೀಟರಿಗೆ ಒಂದು ಕಾರಿನ ಜಾಗ ಇರಬೇಕೆಂದು ಹೇಳುತ್ತವೆ. ಆ ಕಾರು ಯಾವ ಬದಿಯಿಂದ ರಸ್ತೆಗೆ ಬರಬೇಕು, ಬರುವಾಗ ಯಾರ ಮುಂದೆ ಹಾದುಹೋಗುತ್ತದೆ ಎಂದು ಬೀದಿಯಲ್ಲಿ ನಿಂತು ನೋಡಿ ಹೇಳುವ ಹೊಣೆಯನ್ನು ಅವು ಯಾರಿಗೂ ಒಪ್ಪಿಸಿಲ್ಲ. ಮಳೆನೀರು ಸಂಗ್ರಹಕ್ಕೆ ನಿಯಮವಿದೆ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರಕ್ಕೆ ನಿಯಮವಿದೆ. ಒಂದೊಂದು ಇಲಾಖೆಯೂ ತನ್ನ ಪಾಲಿನ ತುಂಡನ್ನು ನೋಡುತ್ತದೆ, ಇಡೀ ಕಟ್ಟಡ ಇಡೀ ಬೀದಿಯೊಂದಿಗೆ ಹೇಗೆ ಕೂಡಿಕೊಳ್ಳುತ್ತದೆ ಎಂಬುದನ್ನು ನೋಡುವ ಕುರ್ಚಿ ಮಾತ್ರ ಖಾಲಿಯಿದೆ.

ಜನರ ಅಭಿಪ್ರಾಯ ಕೇಳುವುದು ನಮ್ಮ ಕಾನೂನಿಗೆ ಅಪರಿಚಿತವಾದ ವಿಚಾರವೇನೂ ಅಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ ಮಹಾಯೋಜನೆಯ ಕರಡನ್ನು ಪ್ರಕಟಿಸಿ ಸಾರ್ವಜನಿಕರ ಅಭಿಪ್ರಾಯ ಕೇಳಲೇಬೇಕು. ಭೂ ಬಳಕೆಯನ್ನು ಬದಲಿಸಬೇಕಾದರೂ ಸಾರ್ವಜನಿಕ ಪ್ರಕಟಣೆ ಹೊರಡಿಸಬೇಕು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಐವತ್ತಕ್ಕೂ ಹೆಚ್ಚು ಮರಗಳನ್ನು ಕಡಿಯುವ ಪ್ರಸ್ತಾವ ಬಂದರೆ ವೃಕ್ಷಾಧಿಕಾರಿಯು ಜನರ ಆಕ್ಷೇಪಣೆ ಕರೆಯಬೇಕು. ಆದರೆ ಮಹಾಯೋಜನೆಯೆಂಬುದು ಇಡೀ ನಗರದ ಬಣ್ಣ ಬಣ್ಣದ ನಕಾಶೆ. ಅದನ್ನು ನೋಡಿ ತನ್ನ ಮನೆಯ ಎದುರಿನ ಮೂಲೆಯಲ್ಲಿ ಎಂಥ ಕಟ್ಟಡ ಬರಬಹುದೆಂದು ಸಾಮಾನ್ಯ ಮನುಷ್ಯ ಊಹಿಸಲಾರ. ಆ ಯೋಜನೆಯಾದರೂ ಸಕಾಲಕ್ಕೆ ನವೀಕರಣಗೊಂಡಿದೆಯೇ? 2015 ಎಂಬ ಹೆಸರು ಹೊತ್ತ, 2007ರಲ್ಲಿ ಅನುಮೋದನೆಗೊಂಡ ಯೋಜನೆಯನ್ನೇ ಈ ನಗರ ಇಷ್ಟು ವರ್ಷ ನೆಚ್ಚಿಕೊಂಡಿದೆ. 2031ರ ಯೋಜನೆಯ ಕರಡು 2017ರಲ್ಲಿ ಪ್ರಕಟವಾಗಿ, ಆಕ್ಷೇಪಣೆಗಳೂ ಸಲ್ಲಿಕೆಯಾಗಿ, ಕೊನೆಗೆ ಹಿಂದಕ್ಕೆ ಹೋಯಿತು. ಜನರು ಮಾತನಾಡಲು ಕಾನೂನು ಕೊಟ್ಟ ಈ ಮುಖ್ಯ ಹಂತವೂ ಹೀಗೆ ಕೈತಪ್ಪಿದೆ.

ದೊಡ್ಡ ಕಟ್ಟಡಗಳ ವಿಷಯದಲ್ಲಂತೂ ಪರಿಸ್ಥಿತಿ ಇನ್ನೂ ವಿಚಿತ್ರವಾಗಿದೆ. ಕೇಂದ್ರ ಸರ್ಕಾರದ 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚು ನಿರ್ಮಿತ ಪ್ರದೇಶವಿರುವ ಕಟ್ಟಡ ಯೋಜನೆಗಳಿಗೆ ಮುಂಚಿತವಾಗಿ ಪರಿಸರ ಅನುಮತಿ ಬೇಕು. ಅಷ್ಟು ದೊಡ್ಡ ಕಟ್ಟಡ ಒಂದು ಬಡಾವಣೆಯ ನೀರು, ಚರಂಡಿ, ಸಂಚಾರ ಎಲ್ಲವನ್ನೂ ಅಲುಗಾಡಿಸುತ್ತದೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆದರೆ ಅದೇ ಅಧಿಸೂಚನೆ ಕಟ್ಟಡ ನಿರ್ಮಾಣ ಯೋಜನೆಗಳನ್ನು ಸಾರ್ವಜನಿಕ ಸಮಾಲೋಚನೆಯಿಂದ ಹೊರಗಿಟ್ಟಿದೆ. ಗಣಿಗೆ, ಕಾರ್ಖಾನೆಗೆ, ಅಣೆಕಟ್ಟೆಗೆ ಜನರ ಅಹವಾಲು ಕೇಳುವ ಸಭೆ ನಡೆಯುತ್ತದೆ. ಮನೆಗಳ ನಡುವೆಯೇ ಎದ್ದು ನಿಲ್ಲುವ ಮಾಲ್‌ಗೆ ಅದು ಬೇಕಾಗಿಲ್ಲ.

ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಉತ್ತರ ಪ್ರದೇಶದ ಪ್ರಕರಣವೊಂದರಲ್ಲಿ ತೀರ್ಪು ಕೊಡುವಾಗ, ನಿರ್ಮಾಣದ ಅವಧಿಯುದ್ದಕ್ಕೂ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು, ಅಧಿಕಾರಿಗಳು ಆಗಾಗ ಬಂದು ಪರಿಶೀಲಿಸಬೇಕು, ಕಟ್ಟಡ ಬಳಕೆಗೆ ಸಿದ್ಧವೆಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರವಿಲ್ಲದೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದು ಎಂದು ದೇಶದ ಎಲ್ಲ ಸ್ಥಳೀಯ ಸಂಸ್ಥೆಗಳಿಗೂ ಅನ್ವಯಿಸುವಂತೆ ನಿರ್ದೇಶನ ಕೊಟ್ಟಿತು. ಇದು ಸ್ವಾಗತಾರ್ಹ ಹೆಜ್ಜೆ. ನಕ್ಷೆ ಗುಟ್ಟಿನ ಕಾಗದವಲ್ಲ, ದಾರಿಹೋಕನೂ ನೋಡಬಹುದಾದದ್ದು ಎಂಬುದನ್ನು ಅದು ಸ್ಥಾಪಿಸಿತು. ಆದರೆ ಮಂಜೂರಾದ ಮೇಲೆ ನೇತುಹಾಕುವ ನಕ್ಷೆಯಿಂದ ಉಲ್ಲಂಘನೆಯನ್ನು ಪತ್ತೆಹಚ್ಚಬಹುದೇ ಹೊರತು ವಿನ್ಯಾಸವನ್ನು ತಿದ್ದಲಾಗುವುದಿಲ್ಲ. ಅದೇ ನ್ಯಾಯಾಲಯ 2023ರ ಜನವರಿಯಲ್ಲಿ ಚಂಡೀಗಢದ ಮನೆಗಳನ್ನು ಅಪಾರ್ಟ್‌ಮೆಂಟುಗಳಾಗಿ ಒಡೆಯುವುದಕ್ಕೆ ತಡೆ ಹಾಕಿದ ತೀರ್ಪಿನಲ್ಲಿ, ಯೋಜನೆಯಿಲ್ಲದ ಬೆಳವಣಿಗೆಯಿಂದ ನಗರವೊಂದು ಹೇಗೆ ಕೆಡುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಬೆಂಗಳೂರನ್ನು ಹೆಸರಿಸಿತು. ನಮ್ಮ ಊರಿನ ಹೆಸರು ಆ ಸಂದರ್ಭದಲ್ಲಿ ಬಂದುದನ್ನು ಓದಿ ನನಗೆ ಆದ ನೋವನ್ನು ಇಲ್ಲಿ ಮುಚ್ಚಿಡುವುದಿಲ್ಲ.

ವಿನ್ಯಾಸ ಪರಿಶೀಲನೆ ಎಂದ ಕೂಡಲೇ ಅನೇಕರು ಅದನ್ನು ಅಂದಚಂದದ ಪ್ರಶ್ನೆಯೆಂದು ತಿಳಿಯುತ್ತಾರೆ. ಬಸವನಗುಡಿ, ಮಲ್ಲೇಶ್ವರಗಳಂಥ ಬಡಾವಣೆಗಳ ಬಗ್ಗೆ ಮಾತನಾಡುವಾಗ ಈ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಈ ಎರಡು ಬಡಾವಣೆಗಳು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕದಲ್ಲಿ ರೂಪುಗೊಂಡವು. 1898ರಲ್ಲಿ ಪ್ಲೇಗು ಬಂದು ಹಳೆಯ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತಾಗ, ಗಾಳಿ ಬೆಳಕು ಆಡುವಂಥ ನಿವೇಶನ, ನೇರವಾದ ರಸ್ತೆ, ಮನೆಗಳ ಹಿಂದೆ ಕಸ, ಮಲ ಸಾಗಿಸುವ ಕನ್ಸರ್ವೆನ್ಸಿ ಓಣಿ ಇರುವ ಹೊಸ ಬಡಾವಣೆಗಳ ಬೆಲೆ ಎಲ್ಲರಿಗೂ ಮನವರಿಕೆಯಾಯಿತು. ಅಂದರೆ ಇಲ್ಲಿನ ವಿನ್ಯಾಸದ ಮೂಲ ಆಲೋಚನೆಯೇ ಆರೋಗ್ಯ. ಕಿಟಕಿಯ ಮೇಲೆ ಚೂಪಾಗಿ ಮುಂಚಾಚಿದ ಮರದ ಮಂಕಿ ಟಾಪ್, ಜಾಲಂಧ್ರದ ಜಗಲಿ, ಎತ್ತರದ ಮಾಳಿಗೆ ಇವು ಈಗ ಚಿತ್ರ ತೆಗೆದುಕೊಳ್ಳುವವರಿಗೆ ಪ್ರಿಯವಾದ ಅಲಂಕಾರಗಳಾಗಿ ಕಾಣಬಹುದು. ಕಟ್ಟಿದವರಿಗೆ ಅವು ಬಿಸಿಲು ಮಳೆಗಳನ್ನು ನಿಭಾಯಿಸುವ ಉಪಾಯಗಳಾಗಿದ್ದವು. ಹೊಸ ವಾಣಿಜ್ಯ ಕಟ್ಟಡದ ಮುಖಕ್ಕೆ ಫೈಬರಿನ ಮಂಕಿ ಟಾಪ್ ಅಂಟಿಸಿ ಪರಂಪರೆಯನ್ನು ಗೌರವಿಸಿದೆವೆಂದು ಹೇಳಿಕೊಳ್ಳುವುದು ಯಾರಿಗೂ ಬೇಡ. ನಾವು ಕೇಳುವುದು ಆ ಹಳೆಯ ಉಪಾಯಗಳ ಹಿಂದಿದ್ದ ವಿವೇಕವನ್ನು.

ಗಾಜಿನ ಗೋಡೆಯನ್ನೇ ತೆಗೆದುಕೊಳ್ಳೋಣ. ಬೆಂಗಳೂರು ಭೂಮಧ್ಯರೇಖೆಯಿಂದ 13 ಡಿಗ್ರಿ ಉತ್ತರದಲ್ಲಿದೆ. ಮಧ್ಯಾಹ್ನ ತಲೆಯ ಮೇಲಿರುವ ಸೂರ್ಯನನ್ನು ಒಂದೆರಡು ಅಡಿಯ ಸಜ್ಜಾ ತಡೆಯಬಲ್ಲದು, ಆದರೆ ಇಳಿಹೊತ್ತಿನಲ್ಲಿ ಪಡುವಣದಿಂದ ಓರೆಯಾಗಿ ಬೀಳುವ ಬಿಸಿಲಿಗೆ ಸಜ್ಜಾ ಸಾಲದು. ಅದಕ್ಕೆ ಕಿಟಕಿ ಒಳಸರಿದಿರಬೇಕು, ಇಲ್ಲವೇ ನಿಲುವು ಹಲಗೆಗಳ ಮರೆ ಬೇಕು, ಇಲ್ಲವೇ ಗೋಡೆಯಲ್ಲಿ ತೆರಪೇ ಕಡಿಮೆಯಿರಬೇಕು. ಪಡುವಣಕ್ಕೆ ಪೂರ್ತಿ ಗಾಜು ಹೊದಿಸಿದ ಕಟ್ಟಡ ಆ ಬಿಸಿಲನ್ನು ಒಳಗೆ ಸೆಳೆದುಕೊಂಡು, ಬೇಸಿಗೆಯುದ್ದಕ್ಕೂ ಅದನ್ನು ಯಂತ್ರದಿಂದ ಹೊರದಬ್ಬುತ್ತದೆ. ಹೊರದಬ್ಬಿದ ಆ ಬಿಸಿಗಾಳಿ ಹೋಗುವುದು ಪಕ್ಕದ ಮನೆಯ ಕಿಟಕಿಗೆ, ಗಾಜಿಗೆ ತಗುಲಿ ಚಿಮ್ಮುವ ಝಳ ಬೀಳುವುದು ಎದುರಿನ ರಸ್ತೆಯಲ್ಲಿ ನಡೆಯುವವರ ಮುಖಕ್ಕೆ. ವಿದ್ಯುತ್ ಬಿಲ್ಲು ಕಟ್ಟಡದ ಮಾಲೀಕರದಿರಬಹುದು, ಆದರೆ ಬಿಸಿಲಿನ ಪಾಲು ಬೀದಿಯವರದು. ಇದನ್ನು ರುಚಿಯ ಪ್ರಶ್ನೆಯೆಂದು ತಳ್ಳಿಹಾಕಲಾಗದು.

ಪಾದಚಾರಿ ಮಾರ್ಗದ ವಿಷಯ ಇದಕ್ಕಿಂತ ಗಂಭೀರ. ಮಳೆಗಾಲದಲ್ಲಿ ನೀರು ನುಗ್ಗೀತೆಂಬ ಭಯಕ್ಕೆ ಅಂಗಡಿಯ ನೆಲಗಟ್ಟನ್ನು ಎರಡು ಅಡಿ ಎತ್ತರಿಸುತ್ತಾರೆ. ಗಾಲಿಕುರ್ಚಿ ಹತ್ತುವ ಇಳಿಜಾರು 1:12ರ ಪ್ರಮಾಣದಲ್ಲಿ ಇರಬೇಕೆಂಬುದು ಸರ್ವಮಾನ್ಯ ನಿಯಮ. ಹಾಗಾದರೆ ಎರಡು ಅಡಿ ಎತ್ತರಕ್ಕೆ 24 ಅಡಿ ಉದ್ದದ ರ‍್ಯಾಂಪ್ ಬೇಕು. ಅಷ್ಟು ಉದ್ದಕ್ಕೆ ನಿವೇಶನದೊಳಗೆ ಜಾಗ ಬಿಡದೆ ಚಿತ್ರ ಬರೆದರೆ, ಕಟ್ಟಡ ಮುಗಿದ ಮೇಲೆ ಮೆಟ್ಟಿಲು, ರ‍್ಯಾಂಪ್ ಎರಡೂ ಸಾರ್ವಜನಿಕ ಪಾದಚಾರಿ ಮಾರ್ಗದ ಮೇಲೆ ಇಳಿಯುತ್ತವೆ, ಇಲ್ಲವೇ ರ‍್ಯಾಂಪ್ ಯಾರೂ ಹತ್ತಲಾಗದಷ್ಟು ಕಡಿದಾಗುತ್ತದೆ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂದು ಇಷ್ಟು ವರ್ಷಗಳಾದರೂ ಹೊಸ ಅಂಗಡಿ ಸಾಲುಗಳಲ್ಲಿ ನಾವು ಕಾಣುತ್ತಿರುವುದು ಬಹುತೇಕ ಇದನ್ನೇ. ಗಾಂಧಿ ಬಜಾರಿನ ಮುಖ್ಯರಸ್ತೆಯಲ್ಲಿ ಇತ್ತೀಚೆಗೆ ಸಾರ್ವಜನಿಕ ಹಣ ಖರ್ಚು ಮಾಡಿ ನಡೆಯುವವರಿಗೆ ಅಗಲವಾದ ಕಲ್ಲುಹಾಸಿನ ದಾರಿ ಮಾಡಿದರು. ಹೂವು, ಹಣ್ಣು, ವೀಳ್ಯದೆಲೆ ಮಾರುವವರು, ಗ್ರಂದಿಗೆ ಅಂಗಡಿಗೆ ಬರುವ ಹಿರಿಯರು, ಕಡಲೆಕಾಯಿ ಪರಿಷೆಗೆ ಕಾರ್ತಿಕದಲ್ಲಿ ಹರಿದುಬರುವ ಜನ ಎಲ್ಲರಿಗೂ ಆ ದಾರಿ ಬೇಕು. ಒಂದು ಕೈಯಿಂದ ಅಂಥ ದಾರಿ ಮಾಡಿ, ಇನ್ನೊಂದು ಕೈಯಿಂದ ಅದನ್ನು ಪಾರ್ಕಿಂಗಿನ ಬಾಯಿಗಳಿಂದ ತುಂಡರಿಸುವ ನಕ್ಷೆಗಳಿಗೆ ಮುದ್ರೆ ಒತ್ತುವುದು ಸರಿಯಲ್ಲ. ಮೂಲೆ ನಿವೇಶನದಲ್ಲಿ ವಾಹನ ಪ್ರವೇಶ ಎಲ್ಲಿರಬೇಕು ಎಂಬ ಒಂದೇ ಪ್ರಶ್ನೆಯನ್ನು ಸ್ಥಳದಲ್ಲಿ ನಿಂತು, ಶಾಲೆ ಬಿಡುವ ಹೊತ್ತಿನಲ್ಲಿ ನೋಡಿ ತೀರ್ಮಾನಿಸಿದರೂ ಎಷ್ಟೋ ಅಪಾಯ ತಪ್ಪುತ್ತದೆ.

ನೆಲಮಾಳಿಗೆ ಅಗೆತವನ್ನು ಎಂಜಿನಿಯರಾಗಿ ನಾನು ಹೆಚ್ಚು ಆತಂಕದಿಂದ ನೋಡುತ್ತೇನೆ. ಹಳೆಯ ಬಡಾವಣೆಗಳ ಮನೆಗಳು ಸುಣ್ಣದ ಗಾರೆಯಲ್ಲೋ ಮಣ್ಣಿನಲ್ಲೋ ಕೂಡಿಸಿದ ಕಲ್ಲಿನ ಬುನಾದಿಯ ಮೇಲೆ ನಿಂತಿವೆ. ಆ ಬುನಾದಿ ಆಳವಿಲ್ಲ, ಅದಕ್ಕೆ ಕಬ್ಬಿಣದ ಬಿಗಿಯೂ ಇಲ್ಲ. ಪಕ್ಕದಲ್ಲಿ ಇಪ್ಪತ್ತು ಅಡಿ ಮಣ್ಣು ತೆಗೆದು, ಬದಿಗೆ ಸರಿಯಾದ ಆಸರೆ ಗೋಡೆ ಇಲ್ಲದೆ ಒಂದು ಜೋರು ಮಳೆ ಬಂದರೆ, ಜರುಗುವ ಮಣ್ಣಿನೊಂದಿಗೆ ಆ ಮನೆಯೂ ಜರುಗುತ್ತದೆ. ಅಗೆಯುವ ಮುನ್ನ ಪಕ್ಕದ ಮನೆಗಳ ಸ್ಥಿತಿಯನ್ನು ದಾಖಲಿಸುವುದು, ಇರುವ ಬಿರುಕುಗಳ ಛಾಯಾಚಿತ್ರ ತೆಗೆದು ಎರಡೂ ಕಡೆಯವರು ಸಹಿ ಹಾಕುವುದು, ಅಗೆತದ ಆಸರೆಯ ವಿನ್ಯಾಸವನ್ನು ನಕ್ಷೆಯ ಜೊತೆಗೇ ಸಲ್ಲಿಸುವುದು ಇವು ದುಬಾರಿಯ ಕೆಲಸಗಳಲ್ಲ. ಕಟ್ಟುವವರನ್ನೂ ಅವು ಸುಳ್ಳು ದೂರಿನಿಂದ ಕಾಪಾಡುತ್ತವೆ. ಆದರೆ ಪಕ್ಕದ ಮನೆಯವರಿಗೆ ನಕ್ಷೆಯೇ ಗೊತ್ತಿಲ್ಲದಿರುವಾಗ ಅವರು ಇದನ್ನೆಲ್ಲ ಕೇಳುವುದಾದರೂ ಯಾವಾಗ?

ಬೆಂಕಿಯ ವಿಷಯಕ್ಕೆ ಒಂದೇ ನೆನಪು ಸಾಕು. 2010ರ ಫೆಬ್ರುವರಿ 23ರಂದು ಹಳೆಯ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ವಾಣಿಜ್ಯ ಕಟ್ಟಡದಲ್ಲಿ ಬೆಂಕಿ ಹೊತ್ತಿ ಒಂಬತ್ತು ಮಂದಿ ಪ್ರಾಣ ಕಳೆದುಕೊಂಡರು. ಹೊರಬೀಳುವ ದಾರಿ ಸಿಗದೆ, ಹೊಗೆ ತುಂಬಿದ ಕಟ್ಟಡದ ಗಾಜು ಒಡೆದು ಜನ ಕೆಳಕ್ಕೆ ಹಾರಿದರು. ಕಟ್ಟಡದೊಳಗೆ ಗಾಳಿ ಆಡುವ ಬಗೆ, ಗಾಜಿನ ಗೋಡೆ, ತುರ್ತು ಮೆಟ್ಟಿಲಿನ ಜಾಗ ಎಲ್ಲವೂ ನಕ್ಷೆಯ ಹಂತದಲ್ಲೇ ನಿರ್ಧಾರವಾಗುವಂಥವು.

ಹಿಂದೆ ನಮ್ಮಲ್ಲಿ ಈ ಖಾಲಿ ಕುರ್ಚಿಯನ್ನು ತುಂಬುವ ಪ್ರಯತ್ನ ನಡೆಯದೇ ಇರಲಿಲ್ಲ. ಬೆಂಗಳೂರು ನಗರ ಕಲಾ ಆಯೋಗ ಎಂಬ ಸಂಸ್ಥೆಯನ್ನು ರಾಜ್ಯ ಸರ್ಕಾರ 1976ರಲ್ಲಿ ರಚಿಸಿತ್ತು. ಮುಖ್ಯ ಕಟ್ಟಡಗಳ ವಿನ್ಯಾಸದ ಬಗ್ಗೆ ಅಭಿಪ್ರಾಯ ಕೊಡುವುದು, ನಗರದ ಹಳೆಯ ಕಟ್ಟಡಗಳನ್ನು ಗುರುತಿಸಿ ದಾಖಲಿಸುವುದು ಅದರ ಕೆಲಸವಾಗಿತ್ತು. ಎಂಬತ್ತರ ದಶಕದಲ್ಲಿ ಅದು ಬೆಂಗಳೂರಿನ ವಾಸ್ತು ಸಂಪತ್ತನ್ನು ದಾಖಲಿಸಿದ ಕೆಲಸವನ್ನು ಈಗಲೂ ಸಂಶೋಧಕರು ಆಧರಿಸುತ್ತಾರೆ. ಆದರೆ ಅದು ಸಲಹೆ ಕೊಡಬಹುದಾಗಿತ್ತೇ ಹೊರತು ಆ ಸಲಹೆಗೆ ಯಾರನ್ನೂ ಕಟ್ಟಿಹಾಕುವ ಬಲ ಅದಕ್ಕಿರಲಿಲ್ಲ. 2001ರಲ್ಲಿ ಅದನ್ನು ವಿಸರ್ಜಿಸಲಾಯಿತು. ದೆಹಲಿಯಲ್ಲಿ ಇದೇ ಉದ್ದೇಶಕ್ಕೆ ಸಂಸತ್ತು 1973ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ಮಾಡಿತ್ತು, ಅಲ್ಲಿನ ಆಯೋಗ ಇಂದಿಗೂ ಕೆಲಸ ಮಾಡುತ್ತಿದೆ. ಶಾಸನದ ಬೆನ್ನೆಲುಬು ಇಲ್ಲದ ಸಂಸ್ಥೆ ಯಾವುದೋ ಒಂದು ಸರ್ಕಾರಿ ಆದೇಶದಲ್ಲಿ ಹುಟ್ಟಿ ಇನ್ನೊಂದರಲ್ಲಿ ಕರಗಿಹೋಗುತ್ತದೆ ಎಂಬುದು ಈ ಎರಡರ ನಡುವಿನ ವ್ಯತ್ಯಾಸದಿಂದ ತಿಳಿಯುತ್ತದೆ. ನಮ್ಮ ಆಯೋಗ ಉಳಿದಿದ್ದರೆ ಎಲ್ಲವೂ ಸರಿಯಾಗಿರುತ್ತಿತ್ತೆಂದು ನಾನು ಹೇಳಲಾರೆ. ಅದು ತಜ್ಞರ ಸಂಸ್ಥೆಯಾಗಿತ್ತು, ಬೀದಿಯ ಜನರ ದನಿ ಅಲ್ಲಿಯೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಮಕ್ಕಳು, ಬಂಧುಗಳು ಅಲ್ಲಿನ ಕ್ರಮವನ್ನು ವಿವರಿಸುವುದುಂಟು. ಅಲ್ಲಿ ಕಟ್ಟಡದ ಅರ್ಜಿ ಸ್ಥಳೀಯ ಕೌನ್ಸಿಲ್ಲಿಗೆ ಬಂದ ಕೂಡಲೇ ನಕ್ಷೆಗಳು ಜಾಲತಾಣದಲ್ಲಿ ತೆರೆದುಕೊಳ್ಳುತ್ತವೆ, ಸ್ಥಳದಲ್ಲಿ ನೋಟಿಸು ಬೀಳುತ್ತದೆ ಅಥವಾ ನೆರೆಯವರಿಗೆ ಪತ್ರ ಹೋಗುತ್ತದೆ, ಅಭಿಪ್ರಾಯ ತಿಳಿಸಲು 21 ದಿನಗಳ ಅವಕಾಶವಿರುತ್ತದೆ. ದೊಡ್ಡ ಯೋಜನೆಗಳನ್ನು 13 ವಾರಗಳಲ್ಲಿ ತೀರ್ಮಾನಿಸಬೇಕೆಂಬ ಗಡುವೂ ಇದೆ. ಆ ಪದ್ಧತಿಯಿಂದ ಮನೆ ಕಟ್ಟುವುದು ನಿಧಾನವಾಗುತ್ತದೆ, ಇದ್ದವರು ಹೊಸಬರನ್ನು ತಡೆಯಲು ಅದನ್ನು ಬಳಸುತ್ತಾರೆ ಎಂಬ ಟೀಕೆಯೂ ಅಲ್ಲಿದೆ. ಅದನ್ನು ಹಾಗೆಯೇ ಎತ್ತಿ ತಂದು ಇಲ್ಲಿ ನೆಡಬೇಕೆಂದು ನಾನು ಹೇಳುತ್ತಿಲ್ಲ.

ಆ ಟೀಕೆಯನ್ನು ನಾವೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಹಳೆಯ ಬಡಾವಣೆಯ ನಿವಾಸಿಗಳ ಸಂಘಕ್ಕೆ ಕಟ್ಟಡ ತಡೆಯುವ ಅಧಿಕಾರ ಕೊಟ್ಟರೆ, ಅದು ಸುರಕ್ಷತೆಯ ಹೆಸರಿನಲ್ಲಿ ಬೇರೆಯವರನ್ನು ಹೊರಗಿಡುವ ಬೇಲಿಯಾಗಬಹುದು. ಇಲ್ಲಿ ಹಾಸ್ಟೆಲ್ ಬೇಡ, ಇಂಥ ಊಟದ ಹೋಟೆಲು ಬೇಡ, ಇಂಥವರ ಅಂಗಡಿ ಬೇಡ ಎಂಬ ಮಾತುಗಳು ನಮ್ಮ ನಡುವೆ ಕೇಳಿಬರುವುದಿಲ್ಲ ಎಂದು ಎದೆಮುಟ್ಟಿ ಹೇಳಲಾಗದು. ಆದ್ದರಿಂದ ಪರಿಶೀಲನೆಯಲ್ಲಿ ಕೇಳಬಹುದಾದ ಪ್ರಶ್ನೆಗಳನ್ನು ನಿಯಮವೇ ಮಿತಿಗೊಳಿಸಬೇಕು. ವಾಹನದ ಹಾದಿ, ಪಾದಚಾರಿ ಮಾರ್ಗ, ಮರ, ಅಗೆತದ ಸುರಕ್ಷತೆ, ಶಬ್ದ ಮತ್ತು ಬಿಸಿಗಾಳಿಯ ದಿಕ್ಕು, ಮಳೆನೀರಿನ ಹರಿವು, ಪಕ್ಕದ ಮನೆಯ ಬೆಳಕು ಇವುಗಳ ಬಗ್ಗೆ ಮಾತ್ರ ಆಕ್ಷೇಪಣೆ ಸಲ್ಲಬೇಕು. ಅಲ್ಲಿ ಯಾರು ವ್ಯಾಪಾರ ಮಾಡುತ್ತಾರೆ, ಯಾರು ಬಂದು ಕೂರುತ್ತಾರೆ ಎಂಬುದು ಯಾರ ಪ್ರಶ್ನೆಯೂ ಆಗಕೂಡದು.

ವಿಳಂಬದ ಭಯವೂ, ಲಂಚ ಕೇಳುವ ಇನ್ನೊಂದು ಮೇಜು ಹುಟ್ಟಿಕೊಳ್ಳುತ್ತದೆ ಎಂಬ ಭಯವೂ ಕಟ್ಟುವವರಲ್ಲಿದೆ. ಅದು ಸುಳ್ಳು ಭಯವಲ್ಲ. ಆದರೆ ಲಂಚ ಬೆಳೆಯುವುದು ಮುಚ್ಚಿದ ಕಡತದಲ್ಲಿ. ನಕ್ಷೆ ಮೊದಲ ದಿನದಿಂದಲೇ ಎಲ್ಲರ ಕಣ್ಣಿಗೆ ಬಿದ್ದು, ಬಂದ ಆಕ್ಷೇಪಣೆಗಳೂ ಅವುಗಳಿಗೆ ವಾಸ್ತುಶಿಲ್ಪಿ ಕೊಟ್ಟ ಉತ್ತರಗಳೂ ಅಧಿಕಾರಿಯ ಕಾರಣಸಹಿತ ತೀರ್ಮಾನವೂ ಒಂದೇ ಕಡೆ ಪ್ರಕಟವಾದರೆ, ಗುಟ್ಟಿನ ಮಾತುಕತೆಗೆ ಎಡೆ ಕಡಿಮೆಯಾಗುತ್ತದೆ. ಗಡುವಿನೊಳಗೆ ಆಕ್ಷೇಪಣೆ ಬಾರದಿದ್ದರೆ ಮಂಜೂರಾತಿ ತಾನಾಗಿ ಮುಂದುವರಿಯಲಿ. ಈಗ ಆಗುತ್ತಿರುವ ವಿಳಂಬವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೆಲಸ ಅರ್ಧವಾದಾಗ ದೂರು, ತಡೆಯಾಜ್ಞೆ, ಹೈಕೋರ್ಟ್ ಎಂದು ವರ್ಷಗಟ್ಟಲೆ ನಿಲ್ಲುವ ಕಟ್ಟಡಗಳು ಈ ನಗರದಲ್ಲಿ ಬೇಕಾದಷ್ಟಿವೆ. ಕಟ್ಟಿದ ಮೇಲೆ ಸರಿಪಡಿಸುವ ದಾರಿಯನ್ನೂ ನಾವು ನೋಡಿದ್ದೇವೆ. ವಾಸದ ಕಟ್ಟಡಗಳಲ್ಲಿ ಶೇ 50ರವರೆಗೆ, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರವರೆಗಿನ ಉಲ್ಲಂಘನೆಯನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. ಆ ಅಕ್ರಮ–ಸಕ್ರಮದ ಹಾದಿಗಿಂತ ಮೊದಲೇ ತೋರಿಸಿ ಕೇಳುವ ಹಾದಿ ಎಲ್ಲರಿಗೂ ಅಗ್ಗ.

ಇಲ್ಲಿ ಇನ್ನೊಂದು ಕೊರತೆಯನ್ನೂ ಹೇಳಬೇಕು. ಹಿಂದಿನ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲೇ ಮುಗಿಯಿತು. ಬೀದಿಯ ತೊಂದರೆಯನ್ನು ಕಾರ್ಪೊರೇಟರ್ ಮನೆಯ ಬಾಗಿಲಿಗೆ ಒಯ್ಯುವ ಆ ಅಲ್ಪಸ್ವಲ್ಪದ ದಾರಿಯೂ ಅಂದಿನಿಂದ ಮುಚ್ಚಿತು. ಸಂವಿಧಾನದ 74ನೇ ತಿದ್ದುಪಡಿ ವಾರ್ಡ್ ಸಮಿತಿಗಳನ್ನು ಕೊಟ್ಟಿತಾದರೂ, ವಾರ್ಡ್ ಸಮಿತಿಯ ಸಭೆಗಳಲ್ಲಿ ಕಸ, ಬೀದಿದೀಪ, ಗುಂಡಿಗಳ ಮಾತು ಬಂದಷ್ಟು ಮಂಜೂರಾಗಲಿರುವ ವಾಣಿಜ್ಯ ಕಟ್ಟಡದ ನಕ್ಷೆಯ ಮಾತು ಬಂದುದನ್ನು ನಾನು ಕಂಡಿಲ್ಲ.

ಹೀಗಾಗಿ ಹೊಸ ಪಾಲಿಕೆಗಳಿಗೂ ಅವುಗಳ ಮೇಲಿನ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೂ ನನ್ನ ಕೋರಿಕೆ ಇಷ್ಟು. ಸ್ವಂತ ವಾಸಕ್ಕೆ ಮನೆ ಕಟ್ಟಿಕೊಳ್ಳುವವರನ್ನು ಇದರಿಂದ ಪೂರ್ತಿ ಹೊರಗಿಡಿ, ಅವರಿಗೆ ನಕ್ಷೆ ಬೇಗ ಸಿಗುವಂತೆ ಮಾಡಿರುವ ಸುಧಾರಣೆಗಳು ಮುಂದುವರಿಯಲಿ. ಆದರೆ ವಾಸದ ಮನೆಗಳ ನಡುವೆ ಬರುವ, ನೆಲಮಾಳಿಗೆಯಿರುವ ಅಥವಾ ನಿಗದಿತ ವಿಸ್ತೀರ್ಣ ಮೀರಿದ ಪ್ರತಿಯೊಂದು ವಾಣಿಜ್ಯ ಕಟ್ಟಡದ ಅರ್ಜಿಯನ್ನು, ಮಂಜೂರಾತಿಗೆ ಮುನ್ನ 30 ದಿನಗಳ ಕಾಲ ನಿವೇಶನದ ಬೇಲಿಯ ಮೇಲೆ ಕನ್ನಡದ ಫಲಕದಲ್ಲಿಯೂ ಪಾಲಿಕೆಯ ಜಾಲತಾಣದಲ್ಲಿಯೂ ಪ್ರಕಟಿಸಬೇಕು. ಆ ಫಲಕದಲ್ಲಿ ನೆಲಮಹಡಿಯ ನಕ್ಷೆ ಮತ್ತು ರಸ್ತೆಯ ಕಡೆಯ ಮುಖಚಿತ್ರ ಇರಬೇಕು, ಪಕ್ಕದ ಕಟ್ಟಡಗಳನ್ನೂ ರಸ್ತೆಯ ಮರಗಳನ್ನೂ ಅದೇ ಚಿತ್ರದಲ್ಲಿ ಅಳತೆಗೆ ಸರಿಯಾಗಿ ತೋರಿಸಬೇಕು. ಅಂಟಿಕೊಂಡಿರುವ ನಿವೇಶನಗಳವರಿಗೆ ಲಿಖಿತ ತಿಳಿವಳಿಕೆ ಹೋಗಬೇಕು. ಬಂದ ಆಕ್ಷೇಪಣೆಗಳನ್ನು ಒಬ್ಬ ನಗರ ಯೋಜಕರು, ಒಬ್ಬ ಸ್ವತಂತ್ರ ವಾಸ್ತುಶಿಲ್ಪಿ, ಸಂಚಾರ ಪೊಲೀಸ್ ಅಧಿಕಾರಿ ಮತ್ತು ವಾರ್ಡ್ ಸಮಿತಿಯ ಪ್ರತಿನಿಧಿ ಇರುವ ಸಣ್ಣ ಸಮಿತಿ ಸ್ಥಳದಲ್ಲೇ ನಿಂತು ನೋಡಿ, ನಿಗದಿತ ದಿನಗಳೊಳಗೆ ಕಾರಣ ಬರೆದು ಇತ್ಯರ್ಥಪಡಿಸಬೇಕು. ಸ್ವಾಧೀನಾನುಭವ ಪತ್ರ ಕೊಡುವಾಗ ಅಂದು ಒಪ್ಪಿದ ಬದಲಾವಣೆಗಳು ಕಟ್ಟಡದಲ್ಲಿ ನಿಜಕ್ಕೂ ಆಗಿವೆಯೇ ಎಂಬುದನ್ನೂ ಅದೇ ಸಮಿತಿ ನೋಡಬೇಕು. ಇವೆಲ್ಲವೂ ಸುತ್ತೋಲೆಯಲ್ಲಿ ಬಂದು ಸುತ್ತೋಲೆಯಲ್ಲಿ ಹೋಗದಂತೆ, ಕಟ್ಟಡ ಉಪವಿಧಿಗಳಲ್ಲೇ ಸೇರಬೇಕು.

ನಮ್ಮ ಮೂಲೆಯ ಕಟ್ಟಡದ ಮಾಲೀಕರನ್ನು ನಾವು ನೆರೆಹೊರೆಯವರು ಹೋಗಿ ಕಂಡೆವು. ಅವರು ಸೌಜನ್ಯದಿಂದಲೇ ಮಾತನಾಡಿಸಿದರು. ಮೊದಲೇ ಗೊತ್ತಾಗಿದ್ದರೆ ಪಾರ್ಕಿಂಗಿನ ದಾರಿಯನ್ನು ಮುಖ್ಯರಸ್ತೆಯ ಕಡೆಗೆ ತಿರುಗಿಸುವುದು ತಮಗೂ ಕಷ್ಟವಿರಲಿಲ್ಲ, ಈಗ ಕಂಬಗಳು ಎದ್ದಿವೆ ಎಂದರು. ಜನರೇಟರನ್ನು ತಾರಸಿಗೆ ಸಾಗಿಸಲು ಒಪ್ಪಿದ್ದಾರೆ. ಶಿಶುವಿಹಾರದ ಎದುರಿಗೆ ತೆರೆಯುವ ಆ ದಾರಿಯ ಬಗ್ಗೆಯಾದರೂ, ಸ್ವಾಧೀನಾನುಭವ ಪತ್ರ ಕೊಡುವ ಮುನ್ನ, ಶಾಲೆ ಬಿಡುವ ಹೊತ್ತಿನಲ್ಲಿ ವಾಹನಗಳು ಹೊರಬಾರದಂತೆ ಷರತ್ತು ವಿಧಿಸಿ, ಎಚ್ಚರಿಕೆಯ ಗಂಟೆ ಮತ್ತು ಕಾವಲುಗಾರರನ್ನು ಇಡಿಸಬೇಕೆಂದು ನಮ್ಮ ಪಾಲಿಕೆಯ ನಗರ ಯೋಜನೆ ವಿಭಾಗವನ್ನು ಈ ಪತ್ರದ ಮೂಲಕವೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಬಸವನಗುಡಿಯ ನಿವಾಸಿ, ನಿವೃತ್ತ ಎಂಜಿನಿಯರ್
ಬೆಂಗಳೂರು